ಎಲ್ಲರೂ ಮಾಡಿದ ಹೋಂವರ್ಕ್

ಆ ಮನೆಯಲ್ಲಿ ಏಳನೇ ತರಗತಿಯ ಹೋಂವರ್ಕ್ ಮಾಡದೆ ಇದ್ದವಳು ಒಬ್ಬಳೇ, ಅದೂ ಏಳನೇ ತರಗತಿಯಲ್ಲಿ ಓದುತ್ತಿದ್ದವಳು. ಮಿಕ್ಕ ನಾಲ್ಕು ಜನ ಒಬ್ಬರ ಕಣ್ಣು ತಪ್ಪಿಸಿ ಒಬ್ಬರು ಅದನ್ನು ವಾರವಾರವೂ ನಿಯತ್ತಾಗಿ ಮಾಡಿ ಮುಗಿಸುತ್ತಿದ್ದರು. ಈ ಪುಣ್ಯದ ಕೆಲಸ ಮಾಡುತ್ತಿರುವುದು ತಾವೊಬ್ಬರೇ ಎಂದು ಪ್ರತಿಯೊಬ್ಬರೂ ನಂಬಿದ್ದರು. ಶಾಲೆ ಶುರುವಾದಾಗಿನಿಂದ ಎರಡೂವರೆ ತಿಂಗಳು ಹೀಗೇ ನಡೆಯಿತು.

ಮನೆಯ ಯಜಮಾನ ತಕ್ಕಡಿ ರಿಪೇರಿ ಮಾಡುವವನು. ಅಂಗಡಿ ಅಂಗಡಿ ಸುತ್ತಿ, ಮುದ್ರೆ ಹೊಡೆದ ತೂಕದ ಬಟ್ಟುಗಳನ್ನು ತಟ್ಟೆಯ ಮೇಲಿಟ್ಟು, ಯಾವ ತಕ್ಕಡಿ ನಿಜ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ನೋಡಿ ಸರಿಪಡಿಸುವುದು ಅವನ ಕೆಲಸ. ಸೋಮವಾರ ಮಗಳು ತಂದ ಗಣಿತದ ಹಾಳೆಯನ್ನು ಬಿಲ್ಲು ಪುಸ್ತಕದ ಹಿಂದೆ ಗೀಚಿಕೊಂಡು ಹೋಗುತ್ತಿದ್ದ. ಮಧ್ಯಾಹ್ನ ಟೀ ಕುಡಿಯುವಾಗ ಲೆಕ್ಕ ಬಿಡಿಸಿ, ಸಂಜೆ ಚೀಲ ಇಡುವ ನೆಪದಲ್ಲಿ ಆ ಚೀಟಿಯನ್ನು ಮಗಳ ಪೆನ್ಸಿಲ್ ಡಬ್ಬಿಗೆ ತುರುಕುತ್ತಿದ್ದ. "ಯಾರಿಗೂ ಹೇಳ್ಬೇಡ, ನೋಡ್ಕೊಂಡು ಬರ್ಕೋ, ಹಂಗೇ ಅರ್ಥ ಆಗುತ್ತೆ," ಎನ್ನುತ್ತಿದ್ದ. ಮಗಳು ತಲೆಯಾಡಿಸುತ್ತಿದ್ದಳು.

ಮಗಳ ಅಡ್ಡಹೆಸರು ಚೂಟಿ. ಎರಡು ವರ್ಷದವಳಿದ್ದಾಗಲೇ ಅಪ್ಪನ ಪೆಟ್ಟಿಗೆಯ ಬಟ್ಟುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದಳೆಂದು ತಾತ ಇಟ್ಟ ಹೆಸರು ಅದು. ಹನ್ನೆರಡು ತುಂಬಿದ ಮೇಲೂ ಕೈಕೆಲಸದಲ್ಲಿ ಅವಳು ಚೂಟಿಯೇ. ಪುಸ್ತಕದ ಮುಂದೆ ಕೂತರೆ ಮಾತ್ರ ಒಂದು ಪುಟಕ್ಕೆ ಒಂದು ಗಂಟೆ ಬೇಕು.

ಅವಳು ಹೋಗುತ್ತಿದ್ದದ್ದು ದಿಣ್ಣೆ ಶಾಲೆಗೆ. ಊರಿನ ಎತ್ತರದ ದಿಣ್ಣೆಯ ಮೇಲೆ ಇದ್ದದ್ದರಿಂದ ಆ ಹೆಸರು. ಅಲ್ಲಿ ಸೀಟು ಸಿಕ್ಕಿತೆಂದರೆ ಮಗುವಿನ ಬಾಳು ದಡ ಸೇರಿತೆಂದೇ ಜನ ಭಾವಿಸುತ್ತಿದ್ದರು. ದಿನಕ್ಕೆ ಎಂಟು ಪೀರಿಯಡ್ಡು, ವಾರಕ್ಕೊಂದು ಪರೀಕ್ಷೆ, ಬಾಗಿಲಿಗೇ ಅಂಟಿಸಿದ ರ‍್ಯಾಂಕ್ ಪಟ್ಟಿ. ಚೂಟಿಯ ಅಕ್ಕ ಅಲ್ಲಿ ಹತ್ತನೇ ತರಗತಿಯಲ್ಲಿದ್ದಳು, ಪಟ್ಟಿಯ ಮೊದಲ ಮೂರು ಹೆಸರಿನಿಂದ ಕೆಳಗೆ ಇಳಿದವಳೇ ಅಲ್ಲ. ತಂಗಿಗೆ ಸೀಟು ಸಿಕ್ಕಿದ್ದು ಅಕ್ಕನ ದೆಸೆಯಿಂದ. ಅಪ್ಪ ಸ್ವತಃ ಓದಿದ್ದು ತಮ್ಮ ಬೀದಿಯ ತುದಿಯಲ್ಲಿದ್ದ ಮೂಲೆ ಶಾಲೆಯಲ್ಲಿ. ಅಲ್ಲಿಗೆ ಇನ್ನು ತನ್ನ ಮನೆಯ ಮಗು ಕಾಲಿಡಬಾರದು ಎಂಬುದು ಅವನ ಮನಸ್ಸಿನಲ್ಲಿ ಬಹಳ ವರ್ಷದಿಂದ ಕೂತಿದ್ದ ಹಟ.

ಒಂದು ಶನಿವಾರ ಶಾಲೆಯಿಂದ ಕಾಗದ ಬಂತು. ಹೋಂವರ್ಕಿನಲ್ಲಿ ತಮ್ಮ ಮಗಳು ಅತ್ಯುತ್ತಮ ಅಂಕ ಗಳಿಸಿರುವುದರಿಂದ ಅವಳನ್ನು ಎ ವಿಭಾಗಕ್ಕೆ ಏರಿಸಲಾಗಿದೆ ಎಂದು ಅದರಲ್ಲಿತ್ತು. ಊಟಕ್ಕೆ ಕೂತಾಗ ತಾತ ಅದನ್ನು ಗಟ್ಟಿಯಾಗಿ ಓದಿದರು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಕಾಗದದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದನ್ನೂ ಹೇಳಿ, ಆಮೇಲೆ ಸಂತೋಷಪಟ್ಟರು.

"ನಾನು ಎ ಸೆಕ್ಷನ್‌ಗೆ ಹೋಗಲ್ಲ," ಎಂದಳು ಚೂಟಿ. ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಅವಳು ಮುಟ್ಟಿರಲಿಲ್ಲ.

"ಹೋಗಲ್ಲ ಅಂದ್ರೇನೇ? ಜನ ಅದಕ್ಕೆ ತಪಸ್ಸು ಮಾಡ್ತಾರೆ," ಎಂದಳು ಅಮ್ಮ.

"ನಂಗೆ ಬರಲ್ಲಮ್ಮ."

"ಬರ್ದೇ ಇದ್ರೆ ಅವ್ರು ಹಿಂಗೆ ಬರೀತಿದ್ರಾ? ತಿನ್ನು, ಆರಿಹೋಗುತ್ತೆ."

ನಾಲ್ಕು ಜನವೂ ಒಳಗೊಳಗೇ ಹಿಗ್ಗಿದರು. ನನ್ನ ಪಾಲಿನ ಸಣ್ಣ ಸಹಾಯ ಎಷ್ಟು ದೊಡ್ಡ ಫಲ ಕೊಟ್ಟಿತಲ್ಲ ಎಂದು ಅಪ್ಪನಿಗೆ ಅನ್ನಿಸಿತು. ಮೇಜಿನ ಸುತ್ತ ಅಂಥದೇ ಹಿಗ್ಗಿದ ಮುಖಗಳು ಇನ್ನೂ ಮೂರಿದ್ದವು, ಅವನು ಗಮನಿಸಲಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಮೊದಲ ಟರ್ಮ್ ಪರೀಕ್ಷೆ ಮುಗಿಯಿತು, ಅಪ್ಪ ಅಮ್ಮ ಇಬ್ಬರೂ ಬರಬೇಕೆಂದು ಫೋನು ಬಂತು. ಅಪ್ಪ ಒಂದು ಅಂಗಡಿಯ ತಕ್ಕಡಿಯನ್ನು ಬಿಚ್ಚಿದಂತೆಯೇ ಬಿಟ್ಟು ಹೋದ. ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಮಾಡುವವಳು. ಭುಜದ ಮೇಲೆ ನೇತಾಡುತ್ತಿದ್ದ ಟೇಪನ್ನು ತೆಗೆಯುವುದನ್ನೂ ಮರೆತು ಬಂದಿದ್ದಳು.

ಕ್ಲಾಸ್ ಟೀಚರ್ ಉತ್ತರಪತ್ರಿಕೆಯನ್ನು ಮೊದಲು ಮುಂದಿಟ್ಟರು. ಗಣಿತದಲ್ಲಿ ನೂರಕ್ಕೆ ಹತ್ತು.

"ಇಪ್ಪತ್ತು ಲೆಕ್ಕ ಕೊಟ್ಟಿದ್ವಿ. ಎರಡು ಮಾಡಿದಾಳೆ. ಎರಡೂ ಸರಿ ಇದಾವೆ. ಮಿಕ್ಕಿದ್ದನ್ನ ಮುಟ್ಟೇ ಇಲ್ಲ."

"ಹುಷಾರಿರ್ಲಿಲ್ಲವೇನೋ ಮೇಡಂ," ಎಂದ ಅಪ್ಪ.

"ಹಂಗಾದ್ರೆ ಇದನ್ನ ನೋಡಿ." ಅವರು ಹೋಂವರ್ಕ್ ಪುಸ್ತಕ ತೆರೆದರು. "ಇಲ್ಲಿ ಓದಿ ಸರ್, ಜೋರಾಗಿ."

ಅಪ್ಪ ಓದಿದ. "ಆದ್ದರಿಂದ ತಂದೆಯ ಈಗಿನ ವಯಸ್ಸು ನಲವತ್ತೆರಡು ಗ್ರಾಂ."

ಟೀಚರ್ ಪುಟ ತಿರುಗಿಸಿದರು. ತೋಟದ ಸುತ್ತಳತೆ ಅರವತ್ತು ಗ್ರಾಂ. ಬಸ್ಸಿನ ವೇಗ ಗಂಟೆಗೆ ಐವತ್ತು ಗ್ರಾಂ. ಇಪ್ಪತ್ತು ವರ್ಷದಿಂದ ಯಾವ ಅಂಕಿಯ ಮುಂದೆಯೂ ಗ್ರಾಂ ಎಂದು ಬರೆದೇ ಅಭ್ಯಾಸವಾದ ಕೈ ಯಾವುದೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಾಯಿತು. ಅಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು. ಆ ನೋಟ ಬಹಳ ಹೊತ್ತು ಉಳಿಯಲಿಲ್ಲ, ಏಕೆಂದರೆ ಟೀಚರ್ ಭೂಪಟದ ಪುಸ್ತಕ ತೆರೆದರು. ಖಂಡಗಳೆಲ್ಲ ಅಚ್ಚುಕಟ್ಟಾಗಿದ್ದವು. ಆದರೆ ಪ್ರತಿ ಖಂಡದ ಸುತ್ತಲೂ ಅರ್ಧ ಇಂಚು ಆಚೆಗೆ ಒಂದು ಚುಕ್ಕಿಗೆರೆ ಓಡಿತ್ತು.

"ಈ ಚುಕ್ಕಿಗೆರೆ ಏನೂಂತ ಅವಳನ್ನ ಕೇಳಿದೆ. ಗೊತ್ತಿಲ್ಲ ಮೇಡಂ, ಇತ್ತು, ಬರ್ಕೊಂಡೆ ಅಂದ್ಲು."

ಅದು ಹೊಲಿಗೆಗೆ ಬಿಡುವ ಅಂಚು. ಅಮ್ಮ ಟೇಪನ್ನು ಭುಜದಿಂದ ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ವಿಜ್ಞಾನದ ಪುಸ್ತಕದಲ್ಲಿ ಏಳನೇ ತರಗತಿಯ ಪ್ರಶ್ನೆಗೆ ಹತ್ತನೇ ತರಗತಿಯ ಉತ್ತರಗಳಿದ್ದವು. ಅದು ಯಾರ ಕೆಲಸವೆಂದು ಹೇಳಬೇಕಾಗಿರಲಿಲ್ಲ. ಕೊನೆಗೆ ಪ್ರಬಂಧ ಬಂತು. ಭಾಷೆ ಸೊಗಸು, ವಿಚಾರ ಗಂಭೀರ. ಅಂಚಿನ ತುಂಬ ಮಾತ್ರ ವಿಚಿತ್ರ ಗುರುತುಗಳು: ಬಾಲ ಸುತ್ತಿದ ಗೆರೆ, ಬಾಣದ ತಲೆ, ಅಡ್ಡ ಕಡ್ಡಿ. ತಾತ ತಾವೇ ಬರೆದು, ಅಭ್ಯಾಸ ಬಿಡದೆ ತಾವೇ ಕರಡು ತಿದ್ದಿದ್ದರು. ಮೊಮ್ಮಗಳು ಗುರುತುಗಳ ಸಮೇತ ಚಾಚೂ ತಪ್ಪದೆ ನಕಲು ಮಾಡಿದ್ದಳು.

"ಇದು ಯಾವ ಲಿಪಿ ಅಂತ ನಮ್ಮ ಭಾಷೆ ಮೇಷ್ಟ್ರು ಎರಡು ದಿನ ತಲೆ ಕೆಡಿಸ್ಕೊಂಡ್ರು," ಎಂದರು ಟೀಚರ್. ಅವರು ನಗಲಿಲ್ಲ. "ನಮ್ಮದೂ ತಪ್ಪಿದೆ. ಎಂಟುನೂರು ಪುಸ್ತಕ, ಬರೀ ಅಂಕಿ ನೋಡಿ ಟಿಕ್ ಹಾಕಿಬಿಟ್ವಿ. ಈಗ ಅರ್ಧವಾರ್ಷಿಕ ಪರೀಕ್ಷೆಗೆ ಏಳು ವಾರ ಇದೆ. ಪ್ರತಿ ವಿಷಯದಲ್ಲೂ ನಲವತ್ತು ಬರ್ಬೇಕು, ಅವಳೇ ಬರೆದು. ಬರದಿದ್ರೆ ಇಲ್ಲಿ ಮುಂದುವರಿಸೋದು ಕಷ್ಟ."

ಗಂಡ ಹೆಂಡತಿ ದಿಣ್ಣೆ ಇಳಿದರು. ಕೆಳಗಿನ ತಿರುವಿನಲ್ಲಿ ಅಮ್ಮ, "ಗಂಟೆಗೆ ಐವತ್ತು ಗ್ರಾಂ," ಎಂದಳು.

"ನೀನು ಭೂಮಿಗೆಲ್ಲ ಹೊಲಿಗೆ ಹಾಕಕ್ಕೆ ಹೊರಟಿದ್ದೆ," ಎಂದ ಅವನು. ಇಬ್ಬರಿಗೂ ನಗು ಬರಲಿಲ್ಲ. ಮಗಳು ಐದು ಪುಟ ಗ್ರಾಂ ಬರೆದಿದ್ದಾಳೆ, ಒಂದು ಸಲವೂ ಇದ್ಯಾಕೆ ಎಂದು ಕೇಳಿಲ್ಲ ಎಂಬುದನ್ನೇ ಅವನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದ.

ಸಂಜೆ ಮೇಜಿನ ಸುತ್ತ ದೊಡ್ಡ ಜಗಳವೇ ಆಯಿತು. ಅಪ್ಪ ತಾತನನ್ನು ಕೇಳಿದ, ತಾತ ಅಮ್ಮನ ಮೇಲೆ ಹಾಕಿದರು, ಅಮ್ಮ ದೊಡ್ಡ ಮಗಳ ಮೇಲೆ ಹರಿಹಾಯ್ದಳು. ಪ್ರತಿಯೊಬ್ಬರೂ ತಾವು ಮಾಡಿದ್ದು ಚಿಟಿಕೆಯಷ್ಟು, ಮಿಕ್ಕವರು ಮಾಡಿದ್ದು ಬುಟ್ಟಿಗಟ್ಟಲೆ ಎಂದು ವಾದಿಸಿದರು.

"ನೀನಾದ್ರೂ ಬಾಯಿ ಬಿಡಬಾರದಿತ್ತೇನೇ?" ಎಂದು ಕೊನೆಗೆ ಎಲ್ಲರೂ ಚೂಟಿಯ ಕಡೆ ತಿರುಗಿದರು.

"ಯಾರಿಗೂ ಹೇಳ್ಬೇಡ ಅಂದಿದ್ರಲ್ಲ," ಎಂದಳು ಅವಳು. "ನಾಲ್ಕೂ ಜನ ಅಂದಿದ್ರಿ."

ಅವಳು ಬ್ರೆಡ್ಡಿನ ತುಂಡನ್ನು ಸಣ್ಣ ಸಣ್ಣದಾಗಿ ಮುರಿಯುತ್ತ ಹೇಳಿದಳು: "ಅಲ್ಲಿ ಬೆಲ್ ಹೊಡಿಯೋ ಹೊತ್ತಿಗೆ ನಂಗೆ ಅರ್ಥ ಆಗಕ್ಕೆ ಶುರುವಾಗುತ್ತೆ. ಅಷ್ಟೊತ್ತಿಗೆ ಅವ್ರು ಪುಸ್ತಕ ಮುಚ್ಚಿ ಬೇರೆ ಪಾಠ ತೆಗೀತಾರೆ. ಮನೇಲಾದ್ರೂ ಮಾಡೋಣ ಅಂದ್ರೆ ಆಗ್ಲೇ ನೀವು ಮಾಡಿಟ್ಟಿರ್ತೀರ."

"ನೋಡಿದ್ರಾ, ಶಾಲೆದೇ ತಪ್ಪು," ಎಂದರು ತಾತ.

"ಶಾಲೆದು ಯಾಕೆ ತಾತ?" ದೊಡ್ಡವಳು ಸಿಡುಕಿದಳು. "ನಂಗೆ ಆ ಶಾಲೆ ಇಷ್ಟ. ಬೇಗ ಬೇಗ ಪಾಠ ಹೋದ್ರೇನೇ ನಂಗೆ ಬೇಜಾರಾಗಲ್ಲ. ನಂಗೆ ಹಿಡಿಸಿದ್ರೆ ಇವಳಿಗೂ ಹಿಡಿಸಬೇಕು ಅಂತ ಅಂದ್ಕೊಂಡವರು ನೀವು."

ಅಪ್ಪ ಎದ್ದು ಕೈ ತೊಳೆದು ಬಂದ. ತಕ್ಕಡಿ ತಪ್ಪು ತೋರಿಸಿದಾಗ ಅವನು ಮಾಡುವ ಮೊದಲ ಕೆಲಸ ಒಂದೇ: ತಟ್ಟೆಯ ಮೇಲಿರುವುದನ್ನೆಲ್ಲ ತೆಗೆದುಹಾಕುವುದು. ತಟ್ಟೆಯ ಕೆಳಗೆ ಏನಾದರೂ ಅಂಟಿದ್ದರೆ ಅದನ್ನೂ ಕೆರೆದು ತೆಗೆಯುವುದು. ಆಮೇಲಷ್ಟೇ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು.

"ಇವತ್ತಿಂದ ಯಾರೂ ಅವಳ ಪುಸ್ತಕಕ್ಕೆ ಕೈ ಹಾಕ್ಬಾರ್ದು," ಎಂದ. "ನಾನೂ ಸೇರಿ. ಅವಳು ಕೇಳಿದ್ರೆ ಹೇಳಿಕೊಡಿ. ಪೆನ್ನು ಮಾತ್ರ ಅವಳ ಕೈಯಲ್ಲೇ ಇರ್ಬೇಕು. ಏಳು ವಾರ ಇದೆ. ಎಷ್ಟಾಗುತ್ತೋ ಅಷ್ಟು, ಅವಳದ್ದೇ ಆಗ್ಲಿ."

"ಫೇಲಾದ್ರೆ?" ಎಂದಳು ಅಮ್ಮ.

"ನಾನು ಫೇಲಾಗಲ್ಲ," ಎಂದಳು ಚೂಟಿ. ಆ ಹುಡುಗಿಯ ಬಾಯಿಂದ ಅಷ್ಟು ಗಟ್ಟಿಯಾಗಿ ಮಾತು ಬಂದದ್ದು ಆ ವರ್ಷ ಅದೇ ಮೊದಲು.

ಆಡಿದಷ್ಟು ಸುಲಭವಾಗಿರಲಿಲ್ಲ. ಮೊದಲ ವಾರ ಚೂಟಿ ಶುಕ್ರವಾರಕ್ಕೆ ಕೊಟ್ಟ ಹಾಳೆಯಲ್ಲಿ ಹದಿನೈದಕ್ಕೆ ಮೂರು ಲೆಕ್ಕ ಮಾತ್ರ ಮುಗಿದಿದ್ದವು. ಅವಳನ್ನು ಎ ವಿಭಾಗದಿಂದ ಇಳಿಸಿದರು. ಬಾಗಿಲಿನ ಪಟ್ಟಿಯಲ್ಲಿ ಅವಳ ಹೆಸರು ಕಟ್ಟಕಡೆಗೆ ಬಂತು. ಅದನ್ನು ಓದಲು ಬಗ್ಗಬೇಕಾಗುತ್ತದೆ ಎಂದು ಅಕ್ಕ ಅಮ್ಮನಿಗೆ ಗುಟ್ಟಾಗಿ ಹೇಳಿದಳು. ಚೂಟಿ ಮಾತ್ರ ಬ್ಯಾಗು ಇಟ್ಟು, ಕೈಕಾಲು ತೊಳೆದು, ಮೇಜಿನ ಕಿಟಕಿ ಬದಿಗೆ ಬಂದು ಕೂತಳು. ಅದು ಅವಳ ಜಾಗವಾಯಿತು.

ಓದಿಗೆ ಹೊತ್ತು ಸಿಗಲಿ ಎಂದು ಅಮ್ಮ ಅವಳ ಮನೆಗೆಲಸವನ್ನೆಲ್ಲ ಕಿತ್ತುಕೊಂಡಳು. ಪಾತ್ರೆ ಒರೆಸುವುದು ಅಕ್ಕನಿಗೆ, ತರಕಾರಿ ಹೆಚ್ಚುವುದು ತಾತನಿಗೆ ಬಂತು. ತಾತ ಹೆಚ್ಚಿದ ಕ್ಯಾರೆಟ್ಟು ಒಂದೊಂದೂ ಒಂದೊಂದು ಗಾತ್ರ. ನಾಲ್ಕನೇ ದಿನ ಚೂಟಿ ಅಡುಗೆಮನೆಗೆ ಬಂದು ಚಾಕುವಿಗೆ ಕೈ ಚಾಚಿದಳು.

"ಹೋಗು, ಓದ್ಕೋ," ಎಂದಳು ಅಮ್ಮ.

"ಇದನ್ನೂ ಕಿತ್ಕೊಂಡ್ರೆ ನಂಗೆ ಬರೋದು ಅಂತ ಏನೂ ಉಳಿಯಲ್ಲಮ್ಮ."

ಅಮ್ಮ ಚಾಕು ಕೊಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡು, ಈರುಳ್ಳಿ ಘಾಟು ಎಂದಳು. ಹೆಚ್ಚುತ್ತಿದ್ದದ್ದು ಕ್ಯಾರೆಟ್ಟು.

ಮನೆಯವರ ಕೈ ಕಟ್ಟುವುದೇ ಹೆಚ್ಚು ಕಷ್ಟವಾಯಿತು. ತಾತ ಮೊಮ್ಮಗಳ ಪ್ರಬಂಧವನ್ನು ದೂರದಿಂದಲೇ ಓದಿ, ಬೆರಳು ತುರಿಸಿ, ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡು ವರಾಂಡದಲ್ಲಿ ಅಡ್ಡಾಡುತ್ತಿದ್ದರು. ಒಂದು ಬೆಳಗ್ಗೆ ಅಪ್ಪನೇ ಸಿಕ್ಕಿಬಿದ್ದ. ತಿಂಡಿಗೆ ಕೂತವನ ಎದುರು ಗಣಿತದ ಪುಸ್ತಕ ತೆರೆದಿತ್ತು. ಮೂರನೇ ಸಾಲಿನಲ್ಲಿ ಏಳರ ಬದಲು ಒಂಬತ್ತು. ಚಿಕ್ಕ ತಪ್ಪು, ಒಂದು ಸಲ ರಬ್ಬರು ಉಜ್ಜಿದರೆ ಹೋಗುವಂಥದು. ಅವನ ಕೈ ರಬ್ಬರಿನ ಮೇಲೆ ಹೋಯಿತು.

"ಅಪ್ಪ, ಕೈ," ಎಂದಳು ಚೂಟಿ ಬಾಗಿಲಿನಿಂದ. ತಲೆ ಬಾಚಿಕೊಳ್ಳುತ್ತಿದ್ದಳು.

"ಬರೀ ಒಂದು ಅಂಕಿ ಕಣೇ."

"ಎಲ್ಲಿ ಅಂತ ಹೇಳ್ಬೇಡ. ನಾನೇ ಹುಡುಕ್ತೀನಿ."

ಬಾಚಣಿಗೆ ತಲೆಯಲ್ಲೇ ಇತ್ತು, ಬಂದು ಕೂತಳು. ಬಸ್ಸಿಗೆ ಹೊತ್ತಾಯಿತೆಂದು ಅಕ್ಕ ಎರಡು ಸಲ ಕೂಗಿದಳು. ಮೊದಲಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಇಳಿದು, ಮೂರನೆಯದರಲ್ಲಿ ನಿಂತು, ತಾನೇ ಅಳಿಸಿ ಏಳು ಬರೆದಳು. ಆಮೇಲೆ ಒಂದು ಮಾತು ಕೇಳಿದಳು, ಲೆಕ್ಕ ಯಾಕೆ ಹಾಗೆ ಬರುತ್ತದೆ ಎಂದು. ಇಷ್ಟು ವರ್ಷ ಲೆಕ್ಕ ಮಾಡಿದ್ದನೇ ಹೊರತು ಯಾಕೆಂದು ಅವನು ಕೇಳಿಕೊಂಡಿರಲಿಲ್ಲ.

ಅದೇ ವಾರ ಮೂಲೆ ಶಾಲೆಯ ಅಡುಗೆಕೋಣೆಯ ತಕ್ಕಡಿ ಕೆಟ್ಟಿತೆಂದು ಅವನನ್ನು ಕರೆದರು. ಇಪ್ಪತ್ತೊಂಬತ್ತು ವರ್ಷದ ಮೇಲೆ ಆ ಗೇಟು ದಾಟಿದ. ಅಲ್ಲೇನೂ ಸ್ವರ್ಗವಿರಲಿಲ್ಲ. ಒಂದು ಕೋಣೆಗೆ ಐವತ್ತು ಮಕ್ಕಳು, ಗದ್ದಲ, ಕಿಟಕಿಯ ಒಂದು ಗಾಜಿನ ಬದಲಿಗೆ ರಟ್ಟು. ತಕ್ಕಡಿ ಬಿಚ್ಚಿ ಕೂತವನಿಗೆ ಪಕ್ಕದ ಕೋಣೆಯ ಪಾಠ ಕೇಳಿಸುತ್ತಿತ್ತು. ಟೀಚರಮ್ಮ ಒಂದೇ ಲೆಕ್ಕವನ್ನು ಮೂರನೇ ಸಲ ಹೇಳುತ್ತಿದ್ದರು. ಅರ್ಧ ಮಕ್ಕಳು ಆಗಲೇ ಬೇಸತ್ತು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ದೊಡ್ಡವಳನ್ನು ಇಲ್ಲಿ ಕೂರಿಸಿದ್ದರೆ ಅವಳಿಗೆ ಹುಚ್ಚು ಹಿಡಿಯುತ್ತಿತ್ತು ಎಂದುಕೊಂಡ. ಚಿಕ್ಕವಳ ವಿಷಯ ಯೋಚಿಸಬಾರದೆಂದು ಸ್ಕ್ರೂ ಬಿಗಿಮಾಡಿದ. ಆದರೂ ಯೋಚನೆ ಬಂದೇ ಬಂತು, ಮತ್ತು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟುಬಂತು.

ವಾರಗಳು ಕಳೆದವು. ಹದಿನೈದಕ್ಕೆ ಮೂರು ಇದ್ದದ್ದು ಐದಾಯಿತು, ಆರಾಯಿತು. ಮಾಡಿದ್ದು ಒಂದೂ ತಪ್ಪಾಗುತ್ತಿರಲಿಲ್ಲ. ಪ್ರಬಂಧದ ಸಾಲುಗಳು ಗಿಡ್ಡವಾಗಿದ್ದವು, ಅಂಚು ಮಾತ್ರ ಖಾಲಿ. ಅವಳ ಭೂಪಟದಲ್ಲಿ ಒಂದು ಖಂಡ ಸೊಟ್ಟಗಿತ್ತು, ಚುಕ್ಕಿಗೆರೆ ಇರಲಿಲ್ಲ. ಅಮ್ಮ ಅದನ್ನು ಹೊಲಿಗೆ ಮಷೀನಿನ ಮೇಲಿನ ಗೋಡೆಗೆ ಅಂಟಿಸಿದಳು. ಬಟ್ಟೆ ಹೊಲಿಸಲು ಬಂದವರು ಯಾರು ಬರೆದದ್ದು ಎಂದು ಕೇಳಿದರೆ, "ನಮ್ಮ ಚಿಕ್ಕವಳು, ಒಬ್ಬಳೇ," ಎನ್ನುತ್ತಿದ್ದಳು.

ಅರ್ಧವಾರ್ಷಿಕ ಪರೀಕ್ಷೆ ಬಂತು, ಹೋಯಿತು. ಫಲಿತಾಂಶದ ದಿನ ಹೆಡ್‌ಮಾಸ್ಟರೇ ಕರೆಸಿದರು. ಈ ಸಲ ಚೂಟಿಯೂ ಜೊತೆಗಿದ್ದಳು. ಎಲ್ಲ ವಿಷಯದಲ್ಲೂ ನಲವತ್ತು ಚಿಲ್ಲರೆ ಬಂದಿತ್ತು, ಗಣಿತ ಒಂದನ್ನು ಬಿಟ್ಟು. ಗಣಿತದಲ್ಲಿ ಮೂವತ್ತೇಳು.

"ಏಳು ಲೆಕ್ಕ ಪೂರ್ತಿ ಸರಿ," ಎಂದರು ಹೆಡ್‌ಮಾಸ್ಟರು. "ಎಂಟನೇದರ ದಾರಿ ಸರಿಯಾಗಿದೆ, ಮುಗಿಸೋಕೆ ಆಗಿಲ್ಲ. ಅದಕ್ಕೆ ಎರಡು ಅಂಕ. ಇನ್ನು ಮೂರು ಬೇಕು."

ಅಪ್ಪ ಉತ್ತರಪತ್ರಿಕೆಯ ಎಂಟನೇ ಲೆಕ್ಕವನ್ನೇ ನೋಡಿದ. ಮೂರು ಅಂಕ. ಇನ್ನು ಐದು ನಿಮಿಷ ತಡವಾಗಿ ಬೆಲ್ ಹೊಡೆದಿದ್ದರೆ.

"ನಿಮ್ಮ ದೊಡ್ಡ ಮಗಳು ನಮ್ಮ ಶಾಲೆಗೆ ಹೆಸರು ತಂದವಳು," ಎಂದು ಹೆಡ್‌ಮಾಸ್ಟರು ಮುಂದುವರಿಸಿದರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಒಳ್ಳೆಯದು ಮಾಡಬೇಕೆಂದೇ ಇದ್ದರು. "ಅದನ್ನ ನೋಡಿ ನಾವು ಮೂರು ಅಂಕ ಸೇರಿಸಿ ದಾಟಿಸಬಹುದು. ಯೋಚನೆ ಮಾಡಿ ಸೋಮವಾರ ಹೇಳಿ."

ಮನೆಯಲ್ಲಿ ತಾತನಿಗೆ ಯೋಚಿಸಲು ಸೋಮವಾರದ ತನಕ ಏನಿದೆ ಎಂದೇ ಅರ್ಥವಾಗಲಿಲ್ಲ. "ಕೊಡ್ತೀವಿ ಅಂತ ಅವರೇ ಬಾಯಿಬಿಟ್ಟು ಹೇಳಿದಾರೆ. ಕಣ್ಣಿಗೊತ್ತಿಕೊಂಡು ತಗೊಳ್ಳೋದು ಬಿಟ್ಟು ಇದಕ್ಕೊಂದು ಸಭೆನಾ?"

"ಇವಳು ಅಷ್ಟು ಕಷ್ಟಪಟ್ಟಿದಾಳೆ ಮಾವ, ಮೂರು ಅಂಕಕ್ಕೆ ಬಿಡೋದು ಅಂದ್ರೆ ನಂಗೂ ಹೊಟ್ಟೆ ಉರಿಯುತ್ತೆ," ಎಂದಳು ಅಮ್ಮ. ಮೊಟ್ಟೆಯ ಬಾಣಲೆಯನ್ನು ಮೇಜಿನ ಮಧ್ಯೆ ಇಟ್ಟಳು. ಯಾರೂ ಬಡಿಸಿಕೊಳ್ಳಲಿಲ್ಲ.

"ನನ್ನ ಹೆಸರಲ್ಲಿ ಅವಳಿಗೆ ಯಾಕೆ ಅಂಕ ಕೊಡ್ಬೇಕು?" ಎಂದಳು ಅಕ್ಕ. "ಅವಳಿಗೆ ಬೇಕಾ ಅಂತ ಯಾರಾದ್ರೂ ಕೇಳಿದ್ರಾ?"

ನಿಜ, ಯಾರೂ ಕೇಳಿರಲಿಲ್ಲ. ಸೀಟು ಸಿಕ್ಕಾಗ ಕೇಳಿರಲಿಲ್ಲ, ಎ ವಿಭಾಗಕ್ಕೆ ಏರಿಸಿದಾಗ ಅವಳೇ ಹೇಳಿದರೂ ಕೇಳಿಸಿಕೊಂಡಿರಲಿಲ್ಲ. ಅಪ್ಪ ಕುರ್ಚಿಯನ್ನು ಚೂಟಿಯ ಕಡೆ ತಿರುಗಿಸಿದ.

"ನೀನು ಹೇಳು. ನಿಂಗೇನನ್ನಿಸುತ್ತೆ?"

"ನೀನು ಬೇಜಾರು ಮಾಡ್ಕೋತೀಯ."

"ಮಾಡ್ಕೊಂಡ್ರೆ ಮಾಡ್ಕೋತೀನಿ. ಹೇಳು."

"ಮೂವತ್ತೇಳು ನನ್ನದು ಅಪ್ಪ. ಮೂರು ಸೇರಿಸಿದ್ರೆ ಮತ್ತೆ ಯಾರದ್ದೋ ಆಗುತ್ತೆ." ಅವಳು ನಿಧಾನವಾಗಿ, ಪ್ರತಿ ಮಾತನ್ನೂ ಹುಡುಕಿ ತೆಗೆದು ಹೇಳಿದಳು. "ಮುಂದಿನ ಪರೀಕ್ಷೇಲಿ ಇನ್ನೂ ಬೇಗ ಮಾಡ್ಬೇಕು. ಆಗ ಆರು ಸೇರಿಸ್ಬೇಕಾಗುತ್ತೆ. ಅವ್ರ ಜೊತೆ ಓಡಿದ್ರೆ ನಂಗೆ ಯಾಕೆ ಅಂತ ಕೇಳಕ್ಕೆ ಹೊತ್ತೇ ಸಿಗಲ್ಲ. ನಾನು ಮೂಲೆ ಶಾಲೆಗೆ ಹೋಗ್ತೀನಿ. ಅಲ್ಲಿ ಒಂದು ಲೆಕ್ಕ ಮೂರು ಸಲ ಹೇಳ್ತಾರೆ ಅಂತ ನೀನೇ ಅವತ್ತು ಬೈಕೋತಾ ಹೇಳಿದ್ದೆ."

"ಮೂಲೆ ಶಾಲೆಗಾ?" ತಾತ ಎದ್ದುನಿಂತರು. "ಅದು ಎಲ್ಲೂ ನಡೀದೇ ಇರೋರು ಹೋಗೋ ಜಾಗ."

"ನಾನು ಅಲ್ಲೇ ಓದಿದ್ದು ಅಪ್ಪ," ಎಂದ ತಕ್ಕಡಿಯವನು.

ತಾತ ಹಾಗೇ ಕೂತರು. ಅವನು ಮಗಳ ಕಡೆ ನೋಡಿದ. ಅವನಿಗೆ ಬೇಜಾರಾಗಿತ್ತು, ಅದರಲ್ಲಿ ಸುಳ್ಳಿಲ್ಲ. ದಿಣ್ಣೆ ಶಾಲೆಯ ಸಮವಸ್ತ್ರದಲ್ಲಿ ಇಬ್ಬರು ಮಕ್ಕಳೂ ಬಸ್ಸು ಹತ್ತುವುದನ್ನು ನೋಡಿ ಅವನು ಎಷ್ಟೋ ಬೆಳಗ್ಗೆ ಹೊಟ್ಟೆ ತುಂಬಿದವನಂತೆ ಕೆಲಸಕ್ಕೆ ಹೋಗಿದ್ದ. ಆದರೆ ಜೀವಮಾನವೆಲ್ಲ ಬೇರೆಯವರ ತಟ್ಟೆಯ ಕೆಳಗೆ ಅಂಟಿಸಿದ್ದನ್ನು ಕೆರೆದು ತೆಗೆದವನು, ತನ್ನ ಮಗಳ ತಟ್ಟೆಗೆ ಮೂರು ಅಂಕ ಅಂಟಿಸಿಕೊಂಡು ಬರುವುದು ಹೇಗೆ?

"ಮೂವತ್ತೇಳು," ಎಂದ. "ಸರಿ. ಇದ್ದದ್ದು ಇದ್ದಂಗೆ. ಸೋಮವಾರ ನಾನು ಹೋಗಿ ಹೇಳ್ತೀನಿ." ಆಮೇಲೆ ಮೊಟ್ಟೆಯನ್ನು ಎಲ್ಲರಿಗಿಂತ ಮೊದಲು ಅವಳ ತಟ್ಟೆಗೆ ಬಡಿಸಿದ.

ಗುರುವಾರ ಮೂಲೆ ಶಾಲೆಯ ಆಫೀಸಿಗೆ ಒಬ್ಬಳು ಹುಡುಗಿಯನ್ನು ಸೇರಿಸಲು ಇಡೀ ಸಂಸಾರವೇ ಬಂತು. ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದ ತಾತ ಕೂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಕ್ಕ ಅರ್ಧ ದಿನ ರಜೆ ಹಾಕಿದ್ದಳು. ಗುಮಾಸ್ತೆ ನಾಲ್ಕು ಪುಟದ ಅರ್ಜಿ ಕೊಟ್ಟು, "ತುಂಬಿಕೊಡಿ," ಎಂದರು.

ನಾಲ್ಕು ಪೆನ್ನುಗಳು ಒಟ್ಟಿಗೆ ಜೇಬಿನಿಂದ, ಚೀಲದಿಂದ ಹೊರಬಂದವು. ತಾತ ಆಗಲೇ ಕನ್ನಡಕ ಏರಿಸಿ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡಿದ್ದರು.

ಚೂಟಿ ಅರ್ಜಿಯ ಮೇಲೆ ಅಂಗೈ ಇಟ್ಟಳು. ತಾತ ಅವಳ ಅಂಗೈ ನೋಡಿದರು, ತಮ್ಮ ಪೆನ್ನು ನೋಡಿದರು, ಮುಚ್ಚಳ ಹಾಕಿ ಅದನ್ನು ಅವಳಿಗೆ ಕೊಟ್ಟರು. ನಲವತ್ತು ವರ್ಷ ಯಾರಿಗೂ ಮುಟ್ಟಲು ಬಿಡದ ಪೆನ್ನು ಅದು.

ಅವಳು ಬೆಂಚಿನ ತುದಿಗೆ ಕೂತು ಬರೆಯತೊಡಗಿದಳು. ಹೆಸರು, ಹುಟ್ಟಿದ ದಿನ, ವಿಳಾಸ. ಗಡಿಯಾರದ ಮುಳ್ಳು ಅರ್ಧ ಸುತ್ತು ಬಂತು. ಗುಮಾಸ್ತೆ ಎರಡು ಸಲ ಇಣುಕಿ ನೋಡಿದರು. ಹಿಂದಿನ ಶಾಲೆ ಬಿಟ್ಟ ಕಾರಣ ಎಂಬಲ್ಲಿ ಅವಳು ಬಹಳ ಹೊತ್ತು ನಿಂತಳು. ಹೇಳಿಕೊಡಲು ನಾಲ್ಕು ಬಾಯಿಗಳಲ್ಲಿ ನಾಲ್ಕು ಕಾರಣ ಸಿದ್ಧವಾಗಿದ್ದವು, ನಾಲ್ಕೂ ಮುಚ್ಚಿಕೊಂಡೇ ಇದ್ದವು. ಕೊನೆಗೆ ಅವಳು ಬರೆದಳು: 'ನನಗೆ ನಿಧಾನವಾಗಿ ಬರುತ್ತದೆ. ಆದರೆ ಬರುತ್ತದೆ.'

ಅಮ್ಮ ಕಿಟಕಿಯ ಕಡೆ ತಿರುಗಿದಳು. ಅಪ್ಪ ಆ ಸಾಲನ್ನು ತಲೆಕೆಳಗಾಗಿಯೇ ಓದಿ, ಮತ್ತೊಮ್ಮೆ ಓದಿದ. ತಾತನ ಎರಡೂ ಕೈ ಜೇಬಿನಲ್ಲಿದ್ದವು.

ಚೂಟಿ ಮುಂದಿನ ಸಾಲಿಗೆ ಬಂದಳು.

"ಅಪ್ಪ, ನಿನ್ನ ವಯಸ್ಸೆಷ್ಟು?"

"ನಲವತ್ನಾಲ್ಕು."

ಅವಳು ಬರೆದಳು. ಪೆನ್ನನ್ನು ಹಾಗೇ ಹಿಡಿದು, ನಗದೆ, ತಲೆಯೆತ್ತಿ ಅವನನ್ನು ನೋಡಿದಳು.

"ಮುಂದೆ ಗ್ರಾಂ ಹಾಕ್ಲಾ?"

ಮೊದಲು ನಕ್ಕವರು ತಾತ. ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಅಮ್ಮ, ಅಕ್ಕ. ಅಪ್ಪನಿಗೆ ನಗು ಬಂದದ್ದು ಎಲ್ಲರಿಗಿಂತ ತಡವಾಗಿ, ಕಣ್ಣಲ್ಲಿ ನೀರಿನ ಜೊತೆಗೆ. ಏನಾಯಿತೆಂದು ಗುಮಾಸ್ತೆ ಬಾಗಿಲಿಗೆ ಬಂದು ನಿಂತರು. ಚೂಟಿ ಆಗಲೇ ಅರ್ಜಿಯ ಮೇಲೆ ಬಗ್ಗಿದ್ದಳು. ಇನ್ನೂ ಎರಡು ಪುಟ ಬಾಕಿ ಇತ್ತು, ಬೇಗ ಮುಗಿಸು ಎಂದು ಅವಳಿಗೆ ಯಾರೂ ಹೇಳಲಿಲ್ಲ.